ವಯಸ್ಸಿನ ಅಂತರದ ಪ್ರೇಮ ಕಾದಂಬರಿ ಬರೆಯುವುದು ಹೇಗೆ? ವರ್ಷಪಟ್ಟಿಯಿಂದ ಮುದ್ರಣದವರೆಗೆ

ಕಾದಂಬರಿ ಬರೆಯಲು ಕೂತವರು ಪದೇ ಪದೇ ಕೇಳುವ ಪ್ರಶ್ನೆ ಇದು: "ಇಬ್ಬರ ನಡುವೆ ಹನ್ನೆರಡು ಹದಿಮೂರು ವರ್ಷ ಅಂತರ ಇದೆ. ಪ್ರೀತಿ ಆಯ್ತು, ಮನೆಯವರು ಬೇಡ ಅಂದರು, ಜಗಳ ಆಯ್ತು, ಕೊನೆಗೆ ಒಪ್ಪಿದರು. ಇಲ್ಲಿಗೆ ಎಂಬತ್ತು ಪುಟ. ಮುಂದೆ ಏನು ಬರೆಯಲಿ?" ಬೆಳಗಾವಿಯವರು ಕೇಳಿದ್ದಾರೆ, ಜಮಖಂಡಿಯವರು ಕೇಳಿದ್ದಾರೆ, ಸಿಂದಗಿಯವರೂ ಕೇಳಿದ್ದಾರೆ. ಎಲ್ಲರ ಬರಹವೂ ನಿಲ್ಲೋದು ಇದೇ ಜಾಗದಲ್ಲಿ.

ಯಾಕೆ ಅಂದರೆ ವಯಸ್ಸಿನ ಅಂತರವನ್ನು ಅವರು ಮದುವೆಗೆ ಬಂದ ಅಡ್ಡಿ ಅಂತ ಮಾತ್ರ ನೋಡಿರುತ್ತಾರೆ. ಅಡ್ಡಿ ದಾಟಿದ ಕೂಡಲೇ ಕಥೆ ಖಾಲಿ. ಆದರೆ ನೀವು ಬರೆಯಬೇಕು ಅಂದುಕೊಂಡದ್ದು ಬಾಳಿ ಉಳಿಯುವ ಪ್ರೀತಿಯನ್ನು, ಅಲ್ವಾ? ಅದು ಶುರುವಾಗೋದೇ ಆ ಎಂಬತ್ತನೇ ಪುಟದಿಂದ. 13 ವರ್ಷದ ಅಂತರ ಲೆಕ್ಕದಲ್ಲಿ ಯಾವತ್ತೂ 13. ಬದುಕಿನಲ್ಲಿ ಹಾಗಿರುವುದಿಲ್ಲ. 24ರ ಹುಡುಗನಿಗೆ 37ರ ಹೆಂಗಸು ಬಹಳ ದೊಡ್ಡವಳು. ಅವನಿಗೆ 44, ಅವಳಿಗೆ 57 ಆಗುವ ಹೊತ್ತಿಗೆ ಇಬ್ಬರಿಗೂ ಕನ್ನಡಕ ಬಂದಿರುತ್ತದೆ, ಹೊರಗಿನವರು ಅಂತರವನ್ನು ಮರೆತೇ ಬಿಟ್ಟಿರುತ್ತಾರೆ. ಅವನಿಗೆ 60, ಅವಳಿಗೆ 73 ಆದಾಗ ಅದೇ ಅಂತರ ಆಸ್ಪತ್ರೆಯ ಬೆಂಚಿನ ಮೇಲೆ ಮತ್ತೆ ದೊಡ್ಡದಾಗುತ್ತದೆ. ಈ ಏರಿಳಿತ ಕೈಗೆ ಸಿಕ್ಕರೆ ನಿಮ್ಮ ಕಾದಂಬರಿ ನಡುವೆ ನಿಲ್ಲುವುದಿಲ್ಲ. ಕೆಳಗಿನ ಎಲ್ಲ ಹಂತಗಳೂ ಇದನ್ನೇ ಹಿಡಿಯಲು ಇವೆ.

ಶುರು ಮಾಡುವ ಮುಂಚೆ ಬೇಕಾದದ್ದು

ಒಂದು ದಪ್ಪ ನೋಟ್‌ಬುಕ್ ಬೇಕು. ಮೊಬೈಲ್ ಅಥವಾ ಕಂಪ್ಯೂಟರಿನಲ್ಲಿ ಯೂನಿಕೋಡ್ ಕನ್ನಡ ಬೇಕು. ಯೂನಿಕೋಡ್ ಅಂದರೆ ಯಾವ ಯಂತ್ರದಲ್ಲಿ ತೆರೆದರೂ ಅಕ್ಷರ ಕೆಡದೆ ಕಾಣುವ ವ್ಯವಸ್ಥೆ. ಹಳೆಯ ಫಾಂಟಿನಲ್ಲಿ ಬರೆದರೆ ಮುಂದೆ ಬೇರೆಯವರಿಗೆ ಕಳಿಸುವಾಗ ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂರುತ್ತವೆ. ಆಮೇಲೆ ನಿಮ್ಮ ಹಿರಿಯ ಪಾತ್ರಕ್ಕಿಂತಲೂ ವಯಸ್ಸಾದ ಒಬ್ಬರು ಬೇಕು, ಕೂತು ಮಾತಾಡಲು. ನಿಮಗೆ 28 ಆಗಿದ್ದು ಪಾತ್ರಕ್ಕೆ 57 ಆಗಿದ್ದರೆ, ಆ ವಯಸ್ಸಿನ ಮೊಣಕಾಲು, ನಿದ್ದೆ, ದುಡ್ಡಿನ ಚಿಂತೆ ಹೇಗಿರುತ್ತದೆ ಅನ್ನೋದನ್ನು ಕೇಳಿಯೇ ತಿಳಿಯಬೇಕು.

ಉದ್ದ ಎಷ್ಟಿರಲಿ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮೊದಲ ಕಾದಂಬರಿಗೆ 40 ಸಾವಿರ ಪದ ಸಾಕು. ಕನ್ನಡ ಪುಸ್ತಕಗಳು ಹೆಚ್ಚಾಗಿ ಬರುವ ಡೆಮಿ 1/8 ಆಕಾರದಲ್ಲಿ ಅದು ಹತ್ತಿರ ಹತ್ತಿರ 200 ಪುಟ.

ಹಂತ 1: ಅಂತರ ಎಷ್ಟು, ಯಾರು ದೊಡ್ಡವರು?

ಇದನ್ನು ಸುಮ್ನೆ ಬಾಯಿಗೆ ಬಂದಂತೆ ನಿರ್ಧರಿಸಬೇಡಿ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರು ಜಿಲ್ಲೆಯಲ್ಲಿ ಗಂಡ ಹೆಂಡತಿಗಿಂತ ಎಂಟು ಹತ್ತು ವರ್ಷ ದೊಡ್ಡವನಿರುವುದು ಹಳೆಯ ಮಾತು. ಅಕ್ಕನ ಮಗಳನ್ನು ಸೋದರಮಾವ ಮದುವೆಯಾಗುವ ರೂಢಿ ಇದ್ದ ಮನೆಗಳಲ್ಲಿ ಇನ್ನೂ ಹೆಚ್ಚಿನ ಅಂತರವೂ ಇತ್ತು, ಯಾರೂ ಅದನ್ನು ಎತ್ತಿ ಆಡಲಿಲ್ಲ. ಹಾಗಾಗಿ ಗಂಡು ಹತ್ತು ವರ್ಷ ದೊಡ್ಡವನು ಅನ್ನೋದನ್ನೇ ಕಥೆಯ ಮುಖ್ಯ ತೊಡಕು ಮಾಡಿದರೆ ಇಲ್ಲಿಯ ಓದುಗರು ನಂಬುವುದಿಲ್ಲ. ಅಲ್ಲಿ ತೊಡಕು ಬೇರೆ ಕಡೆ ಇರಬೇಕು: ಓದು, ಜಾತಿ, ಮೊದಲ ಮದುವೆಯ ಮಕ್ಕಳು, ಹೊಲದ ಪಾಲು. ಅದೇ ಹೆಣ್ಣು ಐದು ವರ್ಷ ದೊಡ್ಡವಳಾದರೆ ಸಾಕು, ಓಣಿಯಲ್ಲಿ ಮಾತು ಶುರು.

ಇನ್ನೊಂದು ಎಚ್ಚರಿಕೆ, ಇದರಲ್ಲಿ ರಾಜಿ ಬೇಡ. ಪ್ರೀತಿ ಶುರುವಾಗುವಾಗ ಇಬ್ಬರೂ ಪ್ರಾಪ್ತ ವಯಸ್ಕರಾಗಿರಬೇಕು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಪ್ರಕಾರ ಮದುವೆಗೆ ಹೆಣ್ಣಿಗೆ 18, ಗಂಡಿಗೆ 21 ತುಂಬಿರಬೇಕು. ಕಾನೂನು ಹಾಗಿರಲಿ, ಚಿಕ್ಕ ಪಾತ್ರಕ್ಕೆ 22, 23 ಆದರೂ ಇಡಿ ಅನ್ನೋದು ನನ್ನ ಅಭಿಪ್ರಾಯ. ತನ್ನ ದುಡಿಮೆ, ತನ್ನ ಮಾತು ಇರುವ ವ್ಯಕ್ತಿ ಆಗ ಸಿಗುತ್ತಾರೆ. ಮಾಸ್ತರು ಮತ್ತು ಅವರ ಕೈಕೆಳಗೆ ಓದುತ್ತಿರುವ ಹುಡುಗಿ, ಸಾಕಿದವನು ಮತ್ತು ಸಾಕಿಸಿಕೊಂಡವಳು, ಈ ಜೋಡಿಗಳನ್ನು ಬಿಟ್ಟುಬಿಡಿ. ಒಬ್ಬರು "ಬೇಡ" ಅನ್ನಲು ಆಗದ ಕಡೆ ಪ್ರೀತಿಯ ಕಥೆ ಹುಟ್ಟುವುದಿಲ್ಲ.

ಈ ಲೇಖನಕ್ಕೆ ಒಂದು ಕಲ್ಪಿತ ಜೋಡಿ ಇಟ್ಟುಕೊಳ್ಳೋಣ. ಕಸ್ತೂರಿ, ಹುಟ್ಟಿದ್ದು 1962. ಗಂಡ ತೀರಿದ ಮೇಲೆ ಹಳೆ ಬಾಗಲಕೋಟೆಯಲ್ಲಿ ಚಿಕ್ಕದೊಂದು ಖಾನಾವಳಿ ನಡೆಸುತ್ತಾಳೆ. ಈರಣ್ಣ, ಹುಟ್ಟಿದ್ದು 1975. ಟೈಪಿಂಗ್ ಅಂಗಡಿಯಲ್ಲಿ ಕೆಲಸ, ತಿಂಗಳ ಲೆಕ್ಕದಲ್ಲಿ ಅವಳ ಖಾನಾವಳಿಯಲ್ಲಿ ಊಟ. ಅಂತರ 13, ಹೆಣ್ಣು ದೊಡ್ಡವಳು.

ಹಂತ 2: ವರ್ಷಪಟ್ಟಿ ಹಾಕಿ

ಹೆಚ್ಚಿನವರು ಬಿಡುವ ಹಂತ ಇದು. ಕಾದಂಬರಿಯನ್ನು ಉಳಿಸುವುದೂ ಇದೇ. ನೋಟ್‌ಬುಕ್ಕಿನ ಒಂದು ಪೂರ್ತಿ ಹಾಳೆಯಲ್ಲಿ ಇಸವಿ, ಅವಳ ವಯಸ್ಸು, ಅವನ ವಯಸ್ಸು, ಆ ವರ್ಷ ಅಂತರ ಯಾರಿಗೆ ಹೇಗೆ ಚುಚ್ಚುತ್ತದೆ ಅಂತ ನಾಲ್ಕು ಕಂಬ ಗೀಚಿ.

1999: ಅವಳಿಗೆ 37, ಅವನಿಗೆ 24. ಅವನಿಗೆ ಏನೂ ಅನ್ನಿಸುವುದಿಲ್ಲ, ಅವಳಿಗೆ ನಾಚಿಕೆ. ಜನ ನಗುತ್ತಾರೆ ಅನ್ನೋ ಹೆದರಿಕೆ.

2009: 47 ಮತ್ತು 34. ಅವನ ವಾರಿಗೆಯವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಅವಳಿಗೆ ಮುಟ್ಟು ನಿಲ್ಲುವ ಕಾಲ. ಮಗು ಬೇಕಿತ್ತಾ ಅನ್ನೋ ಪ್ರಶ್ನೆಯನ್ನು ಇಬ್ಬರೂ ಬಾಯಿಬಿಟ್ಟು ಕೇಳಿಕೊಂಡಿಲ್ಲ. ಈ ವರ್ಷ ಅಂತರ ಅವನಿಗೆ ಚುಚ್ಚುತ್ತದೆ, ತನಗೆ ಚುಚ್ಚುತ್ತಿದೆ ಅನ್ನೋದೇ ಅವನಿಗೆ ತಪ್ಪಿನ ಹಾಗೆ ಕಾಣುತ್ತದೆ.

2019: 57 ಮತ್ತು 44. ಅಂತರ ಹೆಚ್ಚು ಕಮ್ಮಿ ಮಾಯ. ಹೊಸದಾಗಿ ಬಂದ ನೆರೆಯವರಿಗೆ ಗೊತ್ತೇ ಆಗುವುದಿಲ್ಲ.

2026: 64 ಮತ್ತು 51. ಅವಳಿಗೆ ಮೆಟ್ಟಿಲು ಹತ್ತುವುದು ಕಷ್ಟ. ತನ್ನ ನಂತರ ಇವನಿಗೆ ಯಾರು ಅಂತ ಅವಳ ಚಿಂತೆ. ಅವನಿಗೆ ಆ ಮಾತೇ ಬೇಡ.

ಗಮನಿಸಿದಿರಾ? ಚುಚ್ಚುವ ಕಡೆ ಬದಲಾಗುತ್ತಾ ಹೋಯಿತು. ಮೊದಲು ಅವಳಿಗೆ, ಆಮೇಲೆ ಅವನಿಗೆ, ನಡುವೆ ಯಾರಿಗೂ ಇಲ್ಲ, ಕೊನೆಗೆ ಬೇರೆ ರೂಪದಲ್ಲಿ ಮತ್ತೆ ಅವಳಿಗೆ. ನಿಮ್ಮ ಕಾದಂಬರಿಯ ನಾಲ್ಕು ಭಾಗ ಇಲ್ಲಿಯೇ ಸಿಕ್ಕವು. ಎಲ್ಲ ವರ್ಷವನ್ನೂ ಬರೆಯುವ ಅಗತ್ಯವಿಲ್ಲ, ಈ ತಿರುವು ಬರುವ ವರ್ಷಗಳನ್ನು ಮಾತ್ರ ಬರೆಯಿರಿ.

ಸಾಮಾನ್ಯ ತಪ್ಪು: ಪಟ್ಟಿ ಇಲ್ಲದೆ ಬರೆದವರು ನಡುವೆ ವಯಸ್ಸು ತಪ್ಪುತ್ತಾರೆ. ಹತ್ತನೇ ಅಧ್ಯಾಯದಲ್ಲಿ 40 ಇದ್ದವಳು ಆರು ವರ್ಷ ಕಳೆದು ಹದಿನೈದನೇ ಅಧ್ಯಾಯಕ್ಕೆ ಬಂದರೂ 42 ಆಗಿರುತ್ತಾಳೆ. ಬೇರೆ ಕಾದಂಬರಿಯಲ್ಲಿ ಓದುಗರು ಇದನ್ನು ಬಿಟ್ಟುಬಿಡಬಹುದು. ವಯಸ್ಸೇ ವಿಷಯವಾದ ಕಾದಂಬರಿಯಲ್ಲಿ ಬೆರಳು ಮಡಚಿ ಎಣಿಸುತ್ತಾರೆ.

ಹಂತ 3: ಊರಿನ ಕಾಲವನ್ನು ಅವರ ಕಾಲಕ್ಕೆ ಜೋಡಿಸಿ

ಇಪ್ಪತ್ತೇಳು ವರ್ಷ ಕಳೆಯಿತು ಅಂತ ಬರೆದರೆ ಸಾಲದು, ಕಳೆದದ್ದು ಕಾಣಬೇಕು. ಅದಕ್ಕೆ ನಮ್ಮ ಕಡೆಯ ಊರುಗಳಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಬಾಗಲಕೋಟೆಯನ್ನೇ ತೆಗೆದುಕೊಳ್ಳಿ. 1997ರಲ್ಲಿ ಬಿಜಾಪುರ (ಈಗಿನ ವಿಜಯಪುರ) ಜಿಲ್ಲೆಯಿಂದ ಬೇರೆಯಾಯಿತು. ಆಲಮಟ್ಟಿ ಜಲಾಶಯಕ್ಕೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದರು. 2000ದಲ್ಲಿ ಸುಪ್ರೀಂ ಕೋರ್ಟು 519.6 ಮೀಟರ್ ಎತ್ತರಕ್ಕೆ ಒಪ್ಪಿಗೆ ಕೊಟ್ಟಿತು. ಹಿನ್ನೀರು ಬಂತು, ಘಟಪ್ರಭೆಯ ದಂಡೆಯ ಹಳೆ ಊರಿನ ದೊಡ್ಡ ಭಾಗ ಮುಳುಗಡೆಯಾಯಿತು, ಜನ ನವನಗರಕ್ಕೆ ಹೋದರು. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಮೀಟರಿಗೆ ಎತ್ತರಿಸಬಹುದು ಅಂದಾಗ ಮುಳುಗಡೆಯ ಮಾತು ಎರಡನೇ ಸಲ ಎದ್ದಿತು.

ಈಗ ಇದನ್ನು ಕಸ್ತೂರಿಯ ಬದುಕಿಗೆ ಹಚ್ಚಿ. ಅವಳು ಈರಣ್ಣನನ್ನು ಊಟದ ಗಿರಾಕಿಯಾಗಿ ನೋಡಿದ್ದಾಳೆ ಅಷ್ಟೇ. ಮುಳುಗಡೆಯ ಪರಿಹಾರದ ಅರ್ಜಿ ಬರೆಸಲು ಅವನ ಟೈಪಿಂಗ್ ಅಂಗಡಿಗೆ ಹೋಗುತ್ತಾಳೆ. ಅರ್ಜಿಯಲ್ಲಿ ಒಂದು ಜಾಗ ಇದೆ: ವಯಸ್ಸು. ಅವನು ಕೀಲಿಗಳ ಮೇಲೆ ಬೆರಳಿಟ್ಟು ಕೇಳುತ್ತಾನೆ, "ವಯಸ್ಸು ಎಷ್ಟಂತ ಬರೀಲಿ ಅಕ್ಕಾರ?" ಅವಳು ಬಾಗಿಲ ಕಡೆ ನೋಡಿ "ಮೂವತ್ತೇಳು" ಅನ್ನುತ್ತಾಳೆ. ಮೊದಲ ಭೇಟಿಯಲ್ಲೇ ಅಂತರ ಕಾಗದದ ಮೇಲೆ ಬಂದು ಕೂತಿತು, ಲೇಖಕರು ನಡುವೆ ಬಾಯಿ ಹಾಕಬೇಕಾಗಲಿಲ್ಲ. ಊರಿನ ಘಟನೆ ಮತ್ತು ಪಾತ್ರದ ಘಟನೆ ಹೀಗೆ ಒಂದೇ ದೃಶ್ಯದಲ್ಲಿ ಸೇರಬೇಕು. ಮುಳುಗಡೆಯ ಇತಿಹಾಸವನ್ನು ಮೂರು ಪುಟ ಬೇರೆಯಾಗಿ ಹೇಳಿ ಆಮೇಲೆ ಪ್ರೀತಿಗೆ ಬಂದರೆ ಓದುಗರು ಆ ಮೂರು ಪುಟ ಹಾರಿಸುತ್ತಾರೆ.

ನಿಮ್ಮ ಕಥೆ ಬೆಳಗಾವಿಯಲ್ಲಿದ್ದರೆ ಜೂನಿನಿಂದ ಹಿಡಿಯುವ ಮಳೆ ಇದೆ, ಒಂದೇ ಮನೆಯಲ್ಲಿ ಕನ್ನಡ ಮರಾಠಿ ಎರಡೂ ಓಡಾಡುವುದು ಇದೆ, ಕಬ್ಬು ಕಡಿಯುವ ಹಂಗಾಮು ಇದೆ. ವಿಜಯಪುರದಲ್ಲಿದ್ದರೆ ಇಂಡಿ ತಾಲೂಕಿನ ಲಿಂಬೆ, ತಿಕೋಟಾ ಕಡೆಯ ದ್ರಾಕ್ಷಿ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ. ಗೋಳಗುಮ್ಮಟ ಮಾತ್ರ ಹುಷಾರು. 1656ರಲ್ಲಿ ಮುಗಿದ ಆ ಕಟ್ಟಡದ ಪಿಸುಗುಟ್ಟುವ ಗ್ಯಾಲರಿಯಲ್ಲಿ ನಿಂತು ಒಬ್ಬರು ಈ ಕಡೆಯಿಂದ "ಪ್ರೀತಿಸ್ತೀನಿ" ಅನ್ನುವುದು, ಇನ್ನೊಬ್ಬರು ಆ ಕಡೆ ಕೇಳಿಸಿಕೊಳ್ಳುವುದು, ಇದು ಎಲ್ಲರಿಗೂ ಮೊದಲು ಹೊಳೆಯುವ ದೃಶ್ಯ. ಅದೂ ಅಲ್ಲದೆ ಅಲ್ಲಿ ಮೇಲೆ ಹತ್ತಿದವರಿಗೆ ಗೊತ್ತು, ಪ್ರವಾಸಿಗಳ ಕೂಗಾಟದಲ್ಲಿ ಪಿಸುಮಾತಿಗೆ ಜಾಗವೇ ಇರುವುದಿಲ್ಲ.

ಇಸವಿಗೆ ತಕ್ಕ ಹೆಸರು ಬಳಸಿ. 2014ರ ನವೆಂಬರ್ 1ರ ಮುಂಚಿನ ದೃಶ್ಯದಲ್ಲಿ ಬಸ್ಸಿನ ಬೋರ್ಡು "ಬಿಜಾಪುರ" ಅಂತಲೇ ಇರಬೇಕು. ನೋಟು ರದ್ದಾದದ್ದು 2016ರ ನವೆಂಬರ್ 8ಕ್ಕೆ. 2019ರ ಆಗಸ್ಟ್ ನೆರೆ ಬಂದದ್ದು ಪಂಚಮಿ ಹಬ್ಬದ ಹೊತ್ತಿಗೆ; ಜೋಕಾಲಿ ಕಟ್ಟುವ ದಿನಗಳಲ್ಲಿ ಗೋಕಾಕ, ಮುಧೋಳ, ಪಟ್ಟದಕಲ್ಲು ಕಡೆಯೆಲ್ಲ ನೀರು ನುಗ್ಗಿತ್ತು. ಇಂಥ ಒಂದು ಸಂಗತಿ ಒಂದು ಅಧ್ಯಾಯಕ್ಕೆ ಸಾಕು.

ಹಂತ 4: ತೂಕ ಒಂದೇ ಕಡೆ ಬೀಳದಿರಲಿ

ಹಿರಿಯ ಪಾತ್ರ ಎಲ್ಲ ಬಲ್ಲವರು, ಕಿರಿಯ ಪಾತ್ರ ಏನೂ ಅರಿಯದವರು. ಈ ಕಟ್ಟು ಬಹಳ ಹಸ್ತಪ್ರತಿಗಳಲ್ಲಿ ಬರುತ್ತದೆ ಮತ್ತು ಬಹಳ ಬೇಗ ಬೇಸರ ತರಿಸುತ್ತದೆ. ಹಿರಿಯರು ಉಪದೇಶ ಮಾಡುತ್ತಾರೆ, ಕಿರಿಯರು ಕಣ್ಣರಳಿಸಿ ಕೇಳುತ್ತಾರೆ, ಅದು ಪ್ರವಚನ ಆಗಿಬಿಡುತ್ತದೆ.

ಈ ನಾಲ್ಕು ಪ್ರಶ್ನೆಗೆ ಬರೆದು ಉತ್ತರಿಸಿ. ಮನೆ ಯಾರ ಹೆಸರಿಗಿದೆ? ದುಡ್ಡು ಯಾರ ಕೈಯಲ್ಲಿದೆ? ಇನ್ನೊಬ್ಬರಿಗೆ ಗೊತ್ತಿಲ್ಲದ ಯಾವ ವಿದ್ಯೆ ಇವರಿಗೆ ಗೊತ್ತು? ಜಗಳ ಆದರೆ ಹೋಗಲು ಯಾರಿಗೆ ಜಾಗ ಇದೆ? ಕಸ್ತೂರಿಗೆ ಖಾನಾವಳಿ ಇದೆ, ಗಿರಾಕಿಗಳು ಇದ್ದಾರೆ, ಉದ್ರಿ ವಸೂಲಿ ಮಾಡುವ ಗಟ್ಟಿ ಬಾಯಿ ಇದೆ. ಆದರೆ ಕಚೇರಿ ಕಾಗದ ಓದಲು ಬರುವುದಿಲ್ಲ. ಈರಣ್ಣನಿಗೆ ಕಾಗದಪತ್ರ ನೀರು ಕುಡಿದಷ್ಟು ಸಲೀಸು, ಆದರೆ ಬಾಕಿ ಕೇಳಲು ಬಾಯಿ ಬರುವುದಿಲ್ಲ. ಇಬ್ಬರಿಗೂ ಇನ್ನೊಬ್ಬರಿಂದ ಪಡೆಯುವುದು ಇದೆ.

ಒಪ್ಪುವ ಮುಂಚೆ ಒಮ್ಮೆಯಾದರೂ ಕಿರಿಯ ಪಾತ್ರ ಇಲ್ಲ ಅನ್ನುವ ದೃಶ್ಯ ಇಡಿ. ಅದು ಮದುವೆಗೇ ಇರಬೇಕಿಲ್ಲ, ಊರು ಬಿಡುವುದಕ್ಕೆ ಇರಬಹುದು, ದುಡ್ಡು ತೆಗೆದುಕೊಳ್ಳುವುದಕ್ಕೆ ಇರಬಹುದು. "ಇಲ್ಲ" ಅಂದವರು "ಹೂಂ" ಅಂದಾಗ ಮಾತ್ರ ಆ ಹೂಂಗೆ ಬೆಲೆ.

ಹಂತ 5: ಬೇಡ ಅನ್ನುವವರಿಗೂ ಒಂದು ಮನಸ್ಸು ಕೊಡಿ

"ಸಮಾಜ ಒಪ್ಪಲಿಲ್ಲ" ಅಂತ ಬರೆದರೆ ಏನೂ ಬರೆದ ಹಾಗಾಗಲಿಲ್ಲ. ಸಮಾಜ ಅಂದರೆ ಯಾರು? ಈರಣ್ಣನ ಅವ್ವ, ಕಸ್ತೂರಿಯ ನೆಗೆಣ್ಣಿ, ಪಕ್ಕದ ಕಿರಾಣಿ ಅಂಗಡಿಯ ಕಾಕಾ. ಅವ್ವನಿಗೆ ಕಸ್ತೂರಿ ಮೇಲೆ ಸಿಟ್ಟಿಲ್ಲ, ಮಗನ ಮುಪ್ಪಿನ ಚಿಂತೆ. "ನಾಳೆ ಆಕಿ ಹಾಸಿಗಿ ಹಿಡಿದ್ರ ನೀ ದುಡೀತೀಯೋ, ಆಕಿ ಕಾಲ ಒತ್ತಕೋತ ಕೂಡ್ತೀಯೋ?" ಅಂತ ಅವಳು ಕೇಳುವ ಮಾತಿನಲ್ಲಿ ಸತ್ಯ ಇದೆ. ಆ ಮಾತಿಗೆ ಮೂರನೇ ಅಧ್ಯಾಯದಲ್ಲಿ ಈರಣ್ಣನ ಬಳಿ ಉತ್ತರ ಇಲ್ಲದಿರಲಿ. ಕೊನೆಯ ಭಾಗದಲ್ಲಿ ಅವನು ಬದುಕಿ ಉತ್ತರ ಕೊಡುತ್ತಾನೆ. ಎರಡರ ನಡುವಿನ ಆ ದೂರವೇ ನಿಮ್ಮ ಕಾದಂಬರಿ.

ವಿಧವೆಯ ಮರುಮದುವೆ ಬರೆಯುವವರು ಆಯಾ ಸಮುದಾಯದ ರೂಢಿ ಕೇಳಿ ತಿಳಿದುಕೊಳ್ಳಿ. ನಮ್ಮ ಕಡೆ ಹಲವು ಸಮುದಾಯಗಳಲ್ಲಿ ಉಡಿಕಿ ಅನ್ನುವ ಪದ್ಧತಿ ಇತ್ತು, ಅಂದರೆ ಗಂಡ ಸತ್ತವಳು ದೊಡ್ಡ ಮದುವೆಯ ಶಾಸ್ತ್ರ ಇಲ್ಲದೆ ಸೀರೆ ಉಡಿಸಿಕೊಂಡು ಮತ್ತೊಬ್ಬರ ಜೊತೆ ಬಾಳುವೆ ಶುರು ಮಾಡುವುದು. ಕಾನೂನಿನಲ್ಲಿ 1856ರಿಂದಲೇ ವಿಧವಾ ವಿವಾಹಕ್ಕೆ ದಾರಿ ಇದೆ. ಇದನ್ನೆಲ್ಲ ತಿಳಿಯದೆ "ವಿಧವೆಗೆ ಮದುವೆಯೇ? ಊರೇ ನಡುಗಿತು" ಅಂತ ಬರೆದರೆ ಅದು ನಮ್ಮ ಊರಿನ ಕಥೆ ಅನ್ನಿಸುವುದಿಲ್ಲ.

ರಿಜಿಸ್ಟರ್ ಮದುವೆ ಇಟ್ಟರೆ ಅದರಲ್ಲಿ ಒಳ್ಳೆಯ ದೃಶ್ಯ ಸಿಗುತ್ತದೆ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮೊದಲು ನೋಟಿಸು ಕೊಡಬೇಕು, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚುತ್ತಾರೆ, 30 ದಿನ ಕಾಯಬೇಕು, ಮದುವೆಯ ದಿನ ಮೂವರು ಸಾಕ್ಷಿ ಬೇಕು. ಆ 30 ದಿನದಲ್ಲಿ ಯಾರು ಬೇಕಾದರೂ ತಕರಾರು ಹಾಕಬಹುದು, ಆದರೆ ಕಾಯ್ದೆ ಹೇಳಿದ ಕಾರಣಕ್ಕೆ ಮಾತ್ರ: ಬದುಕಿರುವ ಗಂಡ ಅಥವಾ ಹೆಂಡತಿ ಇರುವುದು, ವಯಸ್ಸು ತುಂಬದಿರುವುದು, ನಿಷೇಧಿಸಿದ ಹತ್ತಿರದ ಸಂಬಂಧ, ಮನಸ್ಸಿನ ಸ್ವಾಸ್ಥ್ಯ. ಹೆಣ್ಣು ದೊಡ್ಡವಳು ಅನ್ನುವುದು ತಕರಾರೇ ಅಲ್ಲ. ಕಾಕಾ ಇಡೀ ದಿನ ಕಚೇರಿಯ ಬೆಂಚಿನ ಮೇಲೆ ಕೂತು ಇದನ್ನು ಕೇಳಿಕೊಂಡು ವಾಪಸ್ ಬರುವ ಅಧ್ಯಾಯ ಬರೆದು ನೋಡಿ.

ಹಂತ 6: ಮಾತಿನಲ್ಲಿ ಸಂಬಂಧ ಬದಲಾಗಲಿ

ನಮ್ಮ ಕಡೆಯ ಮಾತಿನಲ್ಲಿ ಒಬ್ಬರನ್ನು ಹೇಗೆ ಕರೆಯುತ್ತೇವೆ ಅನ್ನುವುದರಲ್ಲೇ ಅರ್ಧ ಕಥೆ ಇದೆ. ಮೊದಲು ಅವಳು "ಇನ್ನೊಂದು ರೊಟ್ಟಿ ಹಾಕ್ಲೇನಪಾ?" ಅನ್ನುತ್ತಾಳೆ. ಅವನು "ಸಾಕ್ರಿ ಅಕ್ಕಾರ." ಕೆಲವು ತಿಂಗಳು ಹೋದ ಮೇಲೆ ಒಂದು ದಿನ ಅವನು ಬರೀ "ಸಾಕ್ರಿ" ಅನ್ನುತ್ತಾನೆ. ಅಕ್ಕಾರ ಬಿದ್ದುಹೋಯಿತು. ಅವಳು ಸಟ್ಟುಗ ಹಿಡಿದು ಒಂದು ಗಳಿಗೆ ನಿಲ್ಲುತ್ತಾಳೆ. ಅವತ್ತಿನಿಂದ ಅವಳ ಬಾಯಲ್ಲೂ "ಅಪಾ" ಬರುವುದಿಲ್ಲ. ಇಷ್ಟೇ. "ಅವರ ನಡುವೆ ಏನೋ ಬದಲಾಗಿತ್ತು" ಅಂತ ಬರೆಯಬೇಕಾಗಿಲ್ಲ.

ಮದುವೆ ಆದ ಮೇಲೆ ಇನ್ನೊಂದು ಪೇಚು ಇದೆ. ಹೆಂಡತಿ ಗಂಡನಿಗೆ "ರೀ" ಹಚ್ಚಿ ಮಾತಾಡಬೇಕು ಅನ್ನುವುದು ರೂಢಿ. ಹದಿಮೂರು ವರ್ಷ ಚಿಕ್ಕವನಿಗೆ ಅವಳು ಏನಂತಾಳೆ? ಮಂದಿ ಎದುರು "ಬರ್ರಿ, ಉಣ್ರಿ", ಒಳಗೆ "ಬಾ, ಉಣ್ಣು" ಅಂತ ಇಟ್ಟುಕೊಳ್ಳಬಹುದು. ಒಂದು ದಿನ ಮಂದಿ ಎದುರೇ ಬಾಯಿತಪ್ಪಿ "ಬಾ" ಅಂದುಬಿಟ್ಟರೆ? ಅದಕ್ಕೆ ಅವನು ಹೇಗೆ ನಡೆದುಕೊಂಡ ಅನ್ನೋದರಲ್ಲಿ ಅವನು ಎಂಥವನು ಅಂತ ಗೊತ್ತಾಗುತ್ತದೆ.

ಎಚ್ಚರಿಕೆ: ಇಡೀ ಕಾದಂಬರಿಯನ್ನು ಆಡುಮಾತಿನಲ್ಲೇ ಬರೆಯಲು ಹೋಗಬೇಡಿ. ಸಂಭಾಷಣೆ ಆಡುಮಾತಿನಲ್ಲಿರಲಿ, ಉಳಿದದ್ದು ಎಲ್ಲರಿಗೂ ತಿಳಿಯುವ ಸರಳ ಬರವಣಿಗೆ. ಆಡುಮಾತೂ ಎಲ್ಲ ಕಡೆ ಒಂದೇ ಅಲ್ಲ. ಖಾನಾಪುರದ ಮಾತು ಮುದ್ದೇಬಿಹಾಳದಲ್ಲಿ ಹೊಂದುವುದಿಲ್ಲ.

ಹಂತ 7: ಏನೂ ನಡೆಯದ ವರ್ಷಗಳನ್ನು ಬರೆಯುವುದು

ಪ್ರಶ್ನೆ ಕೇಳುವವರೆಲ್ಲ ಸಿಕ್ಕಿಬೀಳುವ ಎಂಬತ್ತನೇ ಪುಟ ಇದೇ. ಮದುವೆ ಆಯಿತು, ಜನ ಸುಮ್ಮನಾದರು. ಈಗ ಕಥೆ ಓಡಿಸಲು ಅಪಘಾತ, ಕಳ್ಳತನ, ಇನ್ನೊಬ್ಬ ಹೆಂಗಸು ಇವನ್ನೆಲ್ಲ ತರಬೇಡಿ. ಬಾಳಿ ಉಳಿದ ಪ್ರೀತಿಯನ್ನು ತೋರಿಸಲು ಒಂದು ದಿನನಿತ್ಯದ ಕೆಲಸ ಆರಿಸಿಕೊಳ್ಳಿ. ಅದೇ ಕೆಲಸವನ್ನು ಬೇರೆ ಬೇರೆ ವರ್ಷದಲ್ಲಿ ನಾಲ್ಕು ಸಲ ತೋರಿಸಿ. ಪ್ರತಿ ಸಲ ಕೈ ಬದಲಾಗಿರಲಿ.

ನಮ್ಮ ಜೋಡಿಗೆ ಆ ಕೆಲಸ ರೊಟ್ಟಿ ಬಡಿಯುವುದು. 1999ರಲ್ಲಿ ಅವಳು ಬಡಿಯುತ್ತಾಳೆ, ಅವನು ಉಂಡು ಲೆಕ್ಕದ ಪುಸ್ತಕದಲ್ಲಿ ಗೆರೆ ಎಳೆಯುತ್ತಾನೆ. 2009ರಲ್ಲಿ ನವನಗರದ ಹೊಸ ಖಾನಾವಳಿಯಲ್ಲಿ ಅವಳು ಬಡಿಯುತ್ತಾಳೆ, ಅವನು ಹಂಚಿನ ಮೇಲೆ ತಿರುವಿ ಹಾಕುತ್ತಾನೆ. 2019ರ ದೃಶ್ಯವನ್ನು ಹೀಗೆ ಬರೆಯಬಹುದು:

"ಮೂರನೇ ರೊಟ್ಟಿಗೆ ಕಸ್ತೂರಿಯ ಕೈ ನಿಂತಿತು. ಬಲಗೈ ಹೆಬ್ಬೆರಳಿನ ಬುಡ ಉಬ್ಬಿತ್ತು. ಈರಣ್ಣ ಏನೂ ಕೇಳಲಿಲ್ಲ. ಅಂಗಿಯ ತೋಳು ಮಡಚಿ ಎದುರಿಗೆ ಕೂತ, ಹಿಟ್ಟಿನ ಉಂಡೆಯನ್ನು ತನ್ನ ಕಡೆ ಎಳೆದುಕೊಂಡ. ಮೊದಲ ರೊಟ್ಟಿ ಒಂದು ಕಡೆ ಹರಿಯಿತು. 'ನಡು ತೆಳ್ಳಗಾತು, ಅಂಚು ಬಡಿ' ಅಂದಳು. ಅವನು ಅಂಚು ಬಡಿದ. ಅವತ್ತು ಗಿರಾಕಿಗಳ ತಾಟಿಗೆ ಹೋದ ನಲವತ್ತು ರೊಟ್ಟಿಯಲ್ಲಿ ಅವಳವು ಎರಡೇ."

ಇಲ್ಲಿ ಪ್ರೀತಿ ಅನ್ನುವ ಪದ ಇಲ್ಲ, ವಯಸ್ಸು ಅನ್ನುವ ಪದವೂ ಇಲ್ಲ. ಆದರೆ ಇಪ್ಪತ್ತು ವರ್ಷ ಕಳೆದದ್ದು ಗೊತ್ತಾಗುತ್ತದೆ, ಅವನ ಅವ್ವ ಕೇಳಿದ ಪ್ರಶ್ನೆಗೆ ಉತ್ತರ ಶುರುವಾದದ್ದೂ ಗೊತ್ತಾಗುತ್ತದೆ. ನೀವು ಆರಿಸುವ ಕೆಲಸ ನಿಮ್ಮ ಪಾತ್ರಗಳ ಕಸುಬಿನಿಂದ ಬರಲಿ. ಇಳಕಲ್ಲಿನ ನೇಕಾರರ ಮನೆಯಾದರೆ ಮಗ್ಗ, ಗುಳೇದಗುಡ್ಡವಾದರೆ ಖಣ, ಗೋಕಾಕವಾದರೆ ಕರದಂಟು ಕಟ್ಟುವುದು.

ಈ ನಡುವಿನ ಭಾಗದಲ್ಲಿ ಒಂದು ನಿಜವಾದ ಜಗಳ ಬೇಕು, ಅದು ವಯಸ್ಸಿನ ಬಗ್ಗೆಯೇ ಇರಬೇಕು. ಇಬ್ಬರೂ ಇಷ್ಟು ವರ್ಷ ನುಂಗಿಕೊಂಡ ಮಾತು ಒಮ್ಮೆ ಹೊರಗೆ ಬರಲಿ. 2009ರ ಮಗುವಿನ ಪ್ರಶ್ನೆ ಅದಕ್ಕೆ ಸರಿಯಾದ ಜಾಗ. ಜಗಳ ಒಂದೇ ರಾತ್ರಿಗೆ ಮುಗಿಯಬಾರದು. ಕೆಲವು ದಿನ ಇಬ್ಬರೂ ಬರೀ ವ್ಯವಹಾರದ ಮಾತಾಡಲಿ: ಎಣ್ಣೆ ತಂದಿಯಾ, ಗ್ಯಾಸ್ ಬಂತಾ. ಇದನ್ನು ಬರೆಯುವಾಗ ಯಾರ ಕಣ್ಣಿನಿಂದ ನೋಡುತ್ತಿದ್ದೀರಿ ಅಂತ ಗಟ್ಟಿ ಮಾಡಿಕೊಳ್ಳಿ. ದೃಷ್ಟಿಕೋನ ಅನ್ನುವುದು ಇದಕ್ಕೇ: ಒಂದು ಅಧ್ಯಾಯದಲ್ಲಿ ಒಬ್ಬರ ಮನಸ್ಸಿನ ಒಳಗೆ ಮಾತ್ರ ಇರುವುದು. ಜಗಳದ ಅಧ್ಯಾಯದಲ್ಲಿ ಎರಡೂ ಮನಸ್ಸಿನ ಒಳಗೆ ಹೋಗಿ ಬಂದರೆ ಬಿಗಿ ಸಡಿಲಾಗುತ್ತದೆ.

ಹಂತ 8: ಹಿರಿಯ ಪಾತ್ರವನ್ನು ಕೊಲ್ಲದೆ ಮುಗಿಸಿ

ಇಂಥ ಹಸ್ತಪ್ರತಿಗಳಲ್ಲಿ ಬಹಳಷ್ಟು ಹಿರಿಯರ ಸಾವಿನಿಂದ ಮುಗಿಯುತ್ತವೆ. ಬರೆಯುವವರಿಗೆ ಅದು ಸಹಜ ಅನ್ನಿಸುತ್ತದೆ, ಓದುವವರಿಗೆ ಮೊದಲ ಪುಟದಲ್ಲೇ ಗೊತ್ತಾಗಿರುತ್ತದೆ. ಪ್ರೇಮ ಕಾದಂಬರಿಯ ಓದುಗರು ನಂಬಿ ಬರುವುದು ಇವರಿಬ್ಬರೂ ಕೊನೆಗೆ ಜೊತೆಗಿರುತ್ತಾರೆ ಅಂತ. ಆ ನಂಬಿಕೆ ಮುರಿಯಬೇಕಾದರೆ ಬಹಳ ಬಲವಾದ ಕಾರಣ ಬೇಕು.

ನನಗೆ ಇಷ್ಟವಾಗುವ ದಾರಿ ಬೇರೆ. ಎಲ್ಲರೂ ಹಿರಿಯರು ಹಾಸಿಗೆ ಹಿಡಿಯುತ್ತಾರೆ ಅಂತ ಕಾಯುತ್ತಿರುವಾಗ ಕಿರಿಯರಿಗೆ ಕಾಯಿಲೆ ಬರಲಿ. 51ರ ಈರಣ್ಣ ಎದೆನೋವು ಅಂತ ಕೂತಾಗ 64ರ ಕಸ್ತೂರಿ ಮೊಣಕಾಲು ನೋವು ಇಟ್ಟುಕೊಂಡು ಆಸ್ಪತ್ರೆಯ ಕೌಂಟರಿನ ಮುಂದೆ ನಿಲ್ಲುತ್ತಾಳೆ, ಇಷ್ಟು ವರ್ಷದಲ್ಲಿ ಅವನಿಂದ ಕಲಿತ ಓದಿನಿಂದ ಫಾರಂ ತಾನೇ ತುಂಬುತ್ತಾಳೆ, ಅವನ ವಯಸ್ಸಿನ ಜಾಗದಲ್ಲಿ 51 ಅಂತ ಬರೆಯುತ್ತಾಳೆ. ಇಬ್ಬರ ಲೆಕ್ಕವೂ ಅಲ್ಲಿ ಒಮ್ಮೆಗೇ ತಲೆಕೆಳಗಾಗುತ್ತದೆ. ಅವನು ಗುಣವಾಗಿ ಮನೆಗೆ ಬರಲಿ.

ಹಂತ 9: ಕರಡು ತಿದ್ದುವುದು

ಕರಡು ಅಂದರೆ ಮೊದಲ ಸಲ ಬರೆದು ಮುಗಿಸಿದ ಪ್ರತಿ. ಅದನ್ನು ಒಂದು ತಿಂಗಳು ಮುಚ್ಚಿಡಿ. ಆಮೇಲೆ ಗಟ್ಟಿಯಾಗಿ ಓದಿ, ನಾಲಿಗೆ ಎಡವಿದ ವಾಕ್ಯ ತಿದ್ದಿ. ವರ್ಷಪಟ್ಟಿ ಪಕ್ಕದಲ್ಲಿಟ್ಟುಕೊಂಡು ಪ್ರತಿ ಅಧ್ಯಾಯದ ವಯಸ್ಸು, ಇಸವಿ, ಹಬ್ಬ, ಬೆಳೆ ತಾಳೆ ನೋಡಿ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವ, ಅಂದರೆ ಚಳಿಗಾಲದಲ್ಲಿ ಹೊಲಕ್ಕೆ ಎಡೆ ಚೆಲ್ಲುವ ದೃಶ್ಯದಲ್ಲಿ ಹೊಲದ ತುಂಬ ಬೇಸಿಗೆಯ ಬಿಸಿಲು ಇರಬಾರದು.

ಇಬ್ಬರಿಗೆ ಓದಲು ಕೊಡಿ: ಒಬ್ಬರು ನಿಮ್ಮ ಹಿರಿಯ ಪಾತ್ರದ ವಯಸ್ಸಿನವರು, ಒಬ್ಬರು ಕಿರಿಯ ಪಾತ್ರದ ವಯಸ್ಸಿನವರು. "ಹೇಗಿದೆ?" ಅಂತ ಕೇಳಬೇಡಿ, ಚೆನ್ನಾಗಿದೆ ಅಂತಾರೆ. "ಎಲ್ಲಿ ಬೇಸರ ಬಂತು? ನಿಮ್ಮ ವಯಸ್ಸಿನವರು ಎಲ್ಲಿ ಹೀಗೆ ಮಾಡಲ್ಲ ಅನ್ನಿಸಿತು?" ಅಂತ ಕೇಳಿ.

ನಿಮ್ಮ ಓಣಿಯ ನಿಜವಾದ ಜೋಡಿಯನ್ನು ನೋಡಿ ಬರೆದಿದ್ದರೆ ಇಲ್ಲಿ ನಿಂತು ಯೋಚಿಸಿ. ಹೆಸರು ಬದಲಿಸಿದರೆ ಸಾಲದು. ನಮ್ಮ ಊರುಗಳಲ್ಲಿ ಅಂಗಡಿ, ಓಣಿ, ಮಕ್ಕಳ ಸಂಖ್ಯೆ ಇಷ್ಟರಿಂದಲೇ ಯಾರು ಅಂತ ಗುರುತು ಹಿಡಿಯುತ್ತಾರೆ. ಅವರಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ, ಇಲ್ಲವೇ ಊರು, ಕಸುಬು, ಕುಟುಂಬ ಮೂರನ್ನೂ ಬದಲಿಸಿ. ಅವರು ಕಷ್ಟಪಟ್ಟು ಗಳಿಸಿದ ನೆಮ್ಮದಿ ನಿಮ್ಮ ಪುಸ್ತಕದಿಂದ ಕೆಡಬಾರದು.

ಹಂತ 10: ಮುದ್ರಣಕ್ಕೆ ಹೋಗುವಾಗ

ಪ್ರಕಾಶಕರಿಗೆ ಕಳಿಸುವಾಗ ಪೂರ್ತಿ ಹಸ್ತಪ್ರತಿಯ ಜೊತೆ ಒಂದು ಪುಟದ ಸಾರಾಂಶ ಇಡಿ, ಅಂತ್ಯ ಮುಚ್ಚಿಡದೆ ಹೇಳಿ. ಒಪ್ಪಂದ ಬಾಯಿಮಾತಿನಲ್ಲಿ ಬೇಡ. ಎಷ್ಟು ಪ್ರತಿ, ಗೌರವಧನ ಎಷ್ಟು, ಎರಡನೇ ಮುದ್ರಣಕ್ಕೆ ಏನು, ಇ-ಪುಸ್ತಕ ಮತ್ತು ಆಡಿಯೊ ಹಕ್ಕು ಯಾರಿಗೆ, ಇವೆಲ್ಲ ಕಾಗದದ ಮೇಲೆ ಇರಲಿ. ದುಡ್ಡು ನೀವೇ ಕೊಡಿ, ಪುಸ್ತಕ ನಾವು ಮಾಡಿಕೊಡ್ತೇವೆ ಅನ್ನುವವರು ಸಿಕ್ಕರೆ, ಆ ದುಡ್ಡಿಗೆ ಎಷ್ಟು ಪ್ರತಿ ನಿಮ್ಮ ಕೈಗೆ ಬರುತ್ತದೆ ಅಂತ ಮೊದಲು ಬರೆಸಿಕೊಳ್ಳಿ.

ಹಕ್ಕುಸ್ವಾಮ್ಯ, ಅಂದರೆ ಬರಹದ ಮೇಲಿನ ನಿಮ್ಮ ಹಕ್ಕು, ಬರೆದ ಕ್ಷಣದಿಂದಲೇ ನಿಮ್ಮದು. 1957ರ ಕಾಯ್ದೆ ಪ್ರಕಾರ ಲೇಖಕರು ಇರುವವರೆಗೆ, ಆಮೇಲೆ 60 ವರ್ಷ. ನೋಂದಣಿ ಕಡ್ಡಾಯ ಅಲ್ಲ. ಪೂರ್ತಿ ಹಕ್ಕು ಬರೆದುಕೊಡಿ ಅಂದರೆ ಓದದೆ ಸಹಿ ಹಾಕಬೇಡಿ.

ನೀವೇ ಪ್ರಕಟಿಸುವುದಾದರೆ ಐಎಸ್‌ಬಿಎನ್ ಬೇಕು. ಅದು ಪುಸ್ತಕವನ್ನು ಗುರುತಿಸುವ 13 ಅಂಕಿಯ ಸಂಖ್ಯೆ. ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಇದನ್ನು ಉಚಿತವಾಗಿ ಕೊಡುತ್ತದೆ. ಇದಕ್ಕೆ ಯಾರಾದರೂ ಶುಲ್ಕ ಕೇಳಿದರೆ ಕೊಡಬೇಡಿ, ನೀವೇ ಅರ್ಜಿ ಹಾಕಿ. ಪುಟವಿನ್ಯಾಸ ಆದ ಮೇಲೆ, ಮುದ್ರಣಕ್ಕೆ ಹೋಗುವ ಮುಂಚೆ, ಕೊನೆಯ ಕರಡನ್ನು ಕಾಗದದ ಮೇಲೆ ತೆಗೆಸಿ ಓದಿ. ಯೂನಿಕೋಡಿನಿಂದ ಹಳೆ ಫಾಂಟಿಗೆ ಬದಲಿಸುವಾಗ ಅರ್ಕಾವೊತ್ತು ಮತ್ತು ಅಂಕಿಗಳು ಕೆಡುವುದು ಜಾಸ್ತಿ, ಅದರಲ್ಲೂ ಇಸವಿ ಮತ್ತು ವಯಸ್ಸು ಇರುವ ಪ್ರತಿ ಸಾಲನ್ನು ಬೆರಳಿಟ್ಟು ನೋಡಿ.

ಪುಸ್ತಕ ಬಂದ ಮೇಲೆ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಮತ್ತು ಕಾಯ್ದೆ ಹೇಳಿದ ಉಳಿದ ಮೂರು ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸುವುದು ಪ್ರಕಾಶಕರ ಕೆಲಸ, ನೀವೇ ಪ್ರಕಾಶಕರಾದರೆ ನಿಮ್ಮ ಕೆಲಸ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಸಗಟು ಖರೀದಿಗೆ ಅರ್ಜಿ ಕರೆದಾಗ ಹಾಕಲು ಕೆಲವು ಪ್ರತಿ ಮತ್ತು ಮುದ್ರಣದ ಬಿಲ್ಲು ತೆಗೆದಿಡಿ. ಉಳಿದದ್ದನ್ನು ಬನಶಂಕರಿ ಜಾತ್ರೆ, ಊರಿನ ಸಾಹಿತ್ಯ ಸಮ್ಮೇಳನದ ಮಳಿಗೆಗಳಲ್ಲಿ ಇಡಿ, ಲೆಕ್ಕ ಬರೆದುಕೊಂಡೇ ಪ್ರತಿ ಕೊಡಿ.